ಹೆಸರಿಗೆ ಅರ್ಥ ಮುಖ್ಯ, ಭಾಷೆಯಲ್ಲ: ನಮ್ಮ ಗಂಡುಮಕ್ಕಳ ಹೆಸರುಗಳ ಚರಿತ್ರೆ

ನಮ್ಮ ಊರು ಹೆಗ್ಗದ್ದೆ. ಹಿರಿದಾದ ಬಾಗಿಲು ಹೆಬ್ಬಾಗಿಲು, ಹಿರಿದಾದ ಮರ ಹೆಮ್ಮರ, ಹಿರಿದಾದ ದಾರಿ ಹೆದ್ದಾರಿ ಆದ ಹಾಗೆ ಹಿರಿದಾದ ಗದ್ದೆ ಹೆಗ್ಗದ್ದೆಯಾಗಿದೆ. ಇದನ್ನು ಇಲ್ಲಿ ಶಾಲೆಗೆ ಹೋಗುವ ಹುಡುಗನೂ ಹೇಳಿಯಾನು. ಅದೇ ಹುಡುಗನಿಗೆ ‘ನಿನ್ನ ಹೆಸರಿನ ಅರ್ಥವೇನು, ಅದು ಯಾವ ಭಾಷೆಯದು’ ಎಂದು ಕೇಳಿದರೆ ಸುಮ್ಮನಾಗುತ್ತಾನೆ. ತಂದೆಯನ್ನು ಕೇಳಿದರೆ ‘ಅರಬಿ ಇರಬೇಕು ಉಸ್ತಾದರೇ’ ಎನ್ನುತ್ತಾರೆ. ಅನೇಕ ಸಲ ಅದು ಅರಬಿಯಾಗಿರುವುದಿಲ್ಲ. ಹೀಬ್ರೂ ಇರುತ್ತದೆ, ಫಾರ್ಸಿ ಇರುತ್ತದೆ, ತುರ್ಕಿ ಇರುತ್ತದೆ. ಒಮ್ಮೊಮ್ಮೆ ಅರ್ಧ ಅರಬಿ ಅರ್ಧ ಮಲಯಾಳ, ಅರ್ಧ ಸಂಸ್ಕೃತ ಅರ್ಧ ತುರ್ಕಿ ಇರುತ್ತದೆ.

ಮಕ್ಕಳ ಹಕ್ಕುಗಳ ಕುರಿತು ಜುಮಾ ಖುತ್ಬಾದಲ್ಲಿ ಮಾತಾಡಿದಾಗಲೆಲ್ಲ, ನಮಾಝ್ ಮುಗಿದ ಮೇಲೆ ನಮ್ಮ ಬಳಿಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಹೆಸರಿನವು. ‘ಅಜ್ಜನ ಹೆಸರು ಚಾಂದ್ ಪಾಷ. ಮೊಮ್ಮಗನಿಗೆ ಅದೇ ಇಡಬೇಕೆಂದು ಅಜ್ಜಿಯ ಆಸೆ. ಅದು ಇಸ್ಲಾಮೀ ಹೆಸರಲ್ಲ ಎಂದು ಮಗ ಹೇಳುತ್ತಾನೆ. ಏನು ಮಾಡೋಣ?’ ‘ಫಿರೋಝ್ ಎಂಬುದು ಕುರ್‌ಆನಿನಲ್ಲಿ ಇಲ್ಲ, ಬದಲಿಸಬೇಕೇ?’ ‘ಮೊಯ್ದು ಎಂದರೆ ಹಳ್ಳಿಗಾಡಿನ ಹೆಸರು, ಶಾಲೆಯಲ್ಲಿ ಮಕ್ಕಳು ನಗುತ್ತಾರೆ.’ ಕೇಳುವಾಗ ಇವು ಸಣ್ಣ ಪ್ರಶ್ನೆಗಳು. ಆದರೆ ಇವುಗಳ ಹಿಂದೆ ಒಂದು ಮನೆಯ ಹಿರಿಯರು ಮತ್ತು ಕಿರಿಯರ ನಡುವಿನ ನೋವಿದೆ. ಅಜ್ಜನ ಹೆಸರು ‘ಸರಿಯಿಲ್ಲ’ ಎಂದಾಗ ಅಜ್ಜನ ಬದುಕೇ ಸರಿಯಿರಲಿಲ್ಲ ಎಂದಂತೆ ಅಜ್ಜಿಗೆ ಕೇಳಿಸುತ್ತದೆ. ಆದ್ದರಿಂದ ಈ ತಿಂಗಳು ಹೆಸರುಗಳ ಚರಿತ್ರೆಯನ್ನು ಸ್ವಲ್ಪ ವಿವರವಾಗಿ ನೋಡೋಣ.

ಪ್ರವಾದಿಗಳ ಹೆಸರುಗಳೇ ಅರಬಿಯಲ್ಲ

ಮೊದಲು ಕುರ್‌ಆನಿನಿಂದಲೇ ಆರಂಭಿಸೋಣ. ಅದರಲ್ಲಿ ಬರುವ ಪ್ರವಾದಿಗಳ ಹೆಸರುಗಳಲ್ಲಿ ಹೆಚ್ಚಿನವು ಮೂಲದಲ್ಲಿ ಅರಬಿ ಅಲ್ಲ. ಇದು ಹೊಸಬರು ಕಂಡುಹಿಡಿದ ವಿಷಯವಲ್ಲ. ಮದ್ರಸದಲ್ಲಿ ನಹ್ವ್, ಅಂದರೆ ಅರಬಿ ವ್ಯಾಕರಣ ಓದಿದ ಪ್ರತಿಯೊಬ್ಬ ವಿದ್ಯಾರ್ಥಿಯೂ ಇದನ್ನು ಬಾಯಿಪಾಠ ಮಾಡಿರುತ್ತಾನೆ. ಅರಬಿಯಲ್ಲಿ ಸಾಮಾನ್ಯ ನಾಮಪದದ ಕೊನೆಗೆ ‘ತನ್ವೀನ್’ ಬರುತ್ತದೆ. ಮುಹಮ್ಮದ್ ಎಂಬುದು ‘ಮುಹಮ್ಮದುನ್’ ಆಗುತ್ತದೆ. ಆದರೆ ಇಬ್ರಾಹೀಮ್ ಎಂಬುದು ‘ಇಬ್ರಾಹೀಮುನ್’ ಆಗುವುದಿಲ್ಲ. ಯಾಕೆಂದು ಕೇಳಿದರೆ ಉಸ್ತಾದರು ಹೇಳುವ ಉತ್ತರ: ಅದು ‘ಅಜಮೀ’ ಹೆಸರು, ಅಂದರೆ ಅರಬೇತರ ಭಾಷೆಯದು. ಪ್ರವಾದಿಗಳ ಹೆಸರುಗಳಲ್ಲಿ ತನ್ವೀನ್ ಸ್ವೀಕರಿಸುವವು ಆರು ಎಂದು ಪಾಠದಲ್ಲಿ ಎಣಿಸುತ್ತಾರೆ: ಮುಹಮ್ಮದ್, ಸ್ವಾಲಿಹ್, ಶುಐಬ್, ಹೂದ್, ನೂಹ್, ಲೂತ್. ಇವುಗಳಲ್ಲೂ ನೂಹ್ ಮತ್ತು ಲೂತ್ ಅಜಮೀ ಹೆಸರುಗಳೇ. ಮೂರೇ ಅಕ್ಷರದ ಹಗುರವಾದ ಪದಗಳಾದ್ದರಿಂದ ಅವಕ್ಕೆ ವಿನಾಯಿತಿ. ಈ ವ್ಯಾಕರಣವನ್ನು ಗ್ರಂಥರೂಪಕ್ಕೆ ತಂದ ಮಹಾವಿದ್ವಾಂಸ ಸೀಬವೈಹಿಯ ಹೆಸರೇ ಫಾರ್ಸಿಯದು ಎಂಬುದನ್ನು ಇಲ್ಲಿ ನೆನೆಯಬೇಕು. ಅರಬಿ ಭಾಷೆಯ ನಿಯಮಗಳನ್ನು ಅರಬರಿಗೇ ತಿಳಿಸಿಕೊಟ್ಟವರ ಹೆಸರು ಅರಬಿಯಲ್ಲ!

ಈಗ ನಮ್ಮ ಮನೆಗಳಲ್ಲಿರುವ ಪ್ರವಾದಿಗಳ ಹೆಸರುಗಳ ಅರ್ಥ ನೋಡೋಣ. ಇಸ್ಮಾಈಲ್ ಎಂಬುದಕ್ಕೆ ಹೀಬ್ರೂ ಮೂಲದಲ್ಲಿ ‘ದೇವನು ಆಲಿಸುತ್ತಾನೆ’ ಎಂದರ್ಥ. ಇಸ್‌ಹಾಕ್ ಎಂದರೆ ‘ನಗುತ್ತಾನೆ’. ಮಗುವಿನ ಸುವಾರ್ತೆ ಬಂದಾಗ ಇಬ್ರಾಹೀಮ್(ಅ)ರ ಪತ್ನಿ ನಕ್ಕ ಸಂಗತಿ ಸೂರಾ ಹೂದ್‌ನಲ್ಲಿ ಬಂದಿದೆ. ಯೂಸುಫ್ ಎಂದರೆ ‘ಹೆಚ್ಚಿಸಲಿ’. ಝಕರಿಯ್ಯಾ ಎಂದರೆ ‘ದೇವನು ನೆನಪಿಟ್ಟನು’; ಮುಪ್ಪಿನಲ್ಲಿ ಮಗನಿಗಾಗಿ ಪ್ರಾರ್ಥಿಸಿದ ಆ ಪ್ರವಾದಿಗೆ ಇದಕ್ಕಿಂತ ಹೊಂದುವ ಹೆಸರಿಲ್ಲ. ದಾವೂದ್ ಎಂದರೆ ‘ಪ್ರಿಯನು’. ಸುಲೈಮಾನ್ ಎಂಬುದು ಶಾಂತಿ ಎಂಬ ಪದದಿಂದ ಬಂದದ್ದು. ನಮ್ಮ ‘ಸಲಾಂ’ಗೂ ಅದಕ್ಕೂ ಬೇರು ಒಂದೇ, ಯಾಕೆಂದರೆ ಹೀಬ್ರೂ ಮತ್ತು ಅರಬಿ ಒಂದೇ ಕುಟುಂಬದ ಭಾಷೆಗಳು. ಯೂನುಸ್ ಎಂದರೆ ಪಾರಿವಾಳ. ಯೂನುಸ್, ಇಲ್ಯಾಸ್ ಈ ಎರಡರ ಕೊನೆಯಲ್ಲಿರುವ ‘ಸ್’ ಹೀಬ್ರೂವಿನದಲ್ಲ, ಗ್ರೀಕ್ ರೂಪದ ಗುರುತು. ಅಂದರೆ ಹೀಬ್ರೂವಿನಿಂದ ಗ್ರೀಕಿಗೆ ಹೋಗಿ ಆಮೇಲೆ ಅರಬಿ ನಾಲಿಗೆಗೆ ಬಂದ ದಾರಿ ಆ ಒಂದು ಅಕ್ಷರದಲ್ಲಿ ಉಳಿದಿದೆ. ಮೂಸಾ ಎಂಬ ಹೆಸರಿನ ಬಗ್ಗೆ ನಮ್ಮ ಹಳೆಯ ಮುಫಸ್ಸಿರರು ‘ನೀರು’ ಮತ್ತು ‘ಮರ’ ಎಂಬ ಎರಡು ಕಿಬ್ತೀ ಪದಗಳನ್ನು ಸೇರಿಸಿ ಹೇಳಿದರು. ಇಂದಿನ ಅನೇಕ ಭಾಷಾಪಂಡಿತರು ಅದನ್ನು ‘ಮಗು’ ಎಂಬರ್ಥದ ಪುರಾತನ ಈಜಿಪ್ಟ್ ಪದಕ್ಕೆ ಜೋಡಿಸುತ್ತಾರೆ. ಎರಡರಲ್ಲಿ ಯಾವುದಾದರೂ ಆಗಲಿ, ಆ ಹೆಸರು ಹುಟ್ಟಿದ್ದು ನೈಲ್ ನದಿಯ ದಡದಲ್ಲಿ, ಮಕ್ಕಾದಲ್ಲಿ ಅಲ್ಲ.

ಪ್ರವಾದಿವರ್ಯರು(ಸ) ತಮ್ಮ ಮಗನಿಗೆ ಇಟ್ಟ ಹೆಸರು ಇಬ್ರಾಹೀಮ್. ಮಗು ಹುಟ್ಟಿದ ರಾತ್ರಿಯೇ, ತಮ್ಮ ಪಿತಾಮಹನ ಹೆಸರನ್ನಿಟ್ಟಿರುವುದಾಗಿ ಸಹಾಬಿಗಳಿಗೆ ತಿಳಿಸಿದರು ಎಂದು ಸಹೀಹ್ ಮುಸ್ಲಿಮಿನಲ್ಲಿದೆ. ಗಮನಿಸಿ, ಅವರು ಕೂಡ ಅಜ್ಜನ ಹೆಸರನ್ನೇ ಮಗನಿಗೆ ಇಟ್ಟರು. ಅದೂ ಅರಬಿಯಲ್ಲದ ಹೆಸರನ್ನು. ಆ ಮಗುವಿನ ತಾಯಿ ಈಜಿಪ್ಟಿನಿಂದ ಬಂದ ಮಾರಿಯಾ(ರ). ಅವರ ಹೆಸರೂ ಬದಲಾಗಲಿಲ್ಲ.

ಬದಲಿಸಿದ್ದು ಯಾವುದನ್ನು, ಉಳಿಸಿದ್ದು ಯಾವುದನ್ನು?

ಪ್ರವಾದಿವರ್ಯರು(ಸ) ಕೆಲವು ಹೆಸರುಗಳನ್ನು ಬದಲಿಸಿದ್ದು ನಿಜ. ಆದರೆ ಬದಲಿಸಿದ ಹೆಸರುಗಳ ಪಟ್ಟಿಯನ್ನು ನೋಡಿದರೆ ಅವುಗಳಲ್ಲಿ ಹೆಚ್ಚಿನವು ಶುದ್ಧ ಅರಬಿ ಹೆಸರುಗಳೇ! ‘ಆಸಿಯಾ’, ಅಂದರೆ ಅವಿಧೇಯಳು, ಎಂಬ ಹೆಸರಿನವರನ್ನು ‘ಜಮೀಲಾ’ ಎಂದು ಕರೆದರು. ಅಲಿ(ರ) ತಮ್ಮ ಮಗನಿಗೆ ‘ಹರ್ಬ್’, ಅಂದರೆ ಯುದ್ಧ, ಎಂದು ಇಡಲು ಹೊರಟಾಗ ‘ಹಸನ್’ ಎಂದು ಬದಲಿಸಿದರೆಂದು ವರದಿಯಿದೆ. ಹಸನ್ ಎಂದರೆ ಒಳ್ಳೆಯವನು, ಚೆಲುವ. ‘ಹಝ್ನ್’, ಅಂದರೆ ಒರಟು ನೆಲ, ಎಂಬ ಹೆಸರಿನವರಿಗೆ ‘ಸಹ್ಲ್’, ಅಂದರೆ ಸಮತಟ್ಟು ನೆಲ, ಎಂದು ಇಟ್ಟುಕೊಳ್ಳಲು ಸಲಹೆ ಕೊಟ್ಟರು. ತಂದೆ ಇಟ್ಟ ಹೆಸರನ್ನು ಬಿಡಲಾರೆ ಎಂದರು ಅವರು. ಪ್ರವಾದಿ(ಸ) ಒತ್ತಾಯ ಮಾಡಲಿಲ್ಲ. ಆಮೇಲೆ ತಮ್ಮ ಮನೆತನದಲ್ಲಿ ಆ ಒರಟುತನ ಉಳಿದುಬಿಟ್ಟಿತೆಂದು ಅವರ ಮೊಮ್ಮಗ, ಪ್ರಸಿದ್ಧ ತಾಬಿಈ ಸಈದ್ ಇಬ್ನುಲ್ ಮುಸಯ್ಯಬ್ ಹೇಳಿದ್ದು ಬುಖಾರಿಯಲ್ಲಿದೆ.

ಇಲ್ಲಿ ಕಾಣುವ ನಿಯಮ ಒಂದೇ: ನೋಡಿದ್ದು ಅರ್ಥವನ್ನು, ಭಾಷೆಯನ್ನಲ್ಲ. ಇದಕ್ಕೆ ಇನ್ನೂ ಗಟ್ಟಿಯಾದ ಆಧಾರ ಬೇಕೇ? ‘ರಾಜಾಧಿರಾಜ’ ಎಂಬರ್ಥದ ‘ಮಲಿಕುಲ್ ಅಮ್ಲಾಕ್’ ಎಂಬ ಹೆಸರನ್ನು ಪ್ರವಾದಿ(ಸ) ಬಲವಾಗಿ ಖಂಡಿಸಿದರು. ಅರಸರ ಅರಸ ಅಲ್ಲಾಹನೊಬ್ಬನೇ. ಈ ಹದೀಸನ್ನು ವರದಿ ಮಾಡಿದ ಸುಫ್ಯಾನ್ ಬಿನ್ ಉಯೈನಾ ಅದನ್ನು ವಿವರಿಸಲು ಬಳಸಿದ ಪದ ‘ಶಾಹಾನ್ ಶಾಹ್’ ಎಂಬ ಫಾರ್ಸಿ ಪದ. ಅಂದರೆ ಅರಬಿಯಲ್ಲಿ ತಪ್ಪಾದದ್ದು ಫಾರ್ಸಿಯಲ್ಲೂ ತಪ್ಪು. ಹಾಗಾದರೆ ಅರಬಿಯಲ್ಲಿ ಒಳ್ಳೆಯದಾದದ್ದು ಫಾರ್ಸಿಯಲ್ಲೂ, ಮಲಯಾಳದಲ್ಲೂ, ಕನ್ನಡದಲ್ಲೂ ಒಳ್ಳೆಯದೇ ಆಗಬೇಕು. ತಕ್ಕಡಿ ಎರಡೂ ಕಡೆಗೆ ಒಂದೇ ಇರಬೇಕಲ್ಲವೇ?

ನಮ್ಮ ಇಮಾಮರ ವಂಶಾವಳಿಗಳನ್ನೂ ನೋಡಿ. ಇಮಾಮ್ ಅಬೂ ಹನೀಫಾ ಅವರ ಹೆಸರು ನುಅಮಾನ್, ತಂದೆ ಸಾಬಿತ್, ಪ್ರಸಿದ್ಧ ವಂಶಾವಳಿಯಂತೆ ಅಜ್ಜ ಝೂತಾ. ಅದು ಅರಬಿ ಹೆಸರಲ್ಲ. ಇಮಾಮ್ ಬುಖಾರಿಯವರ ಮುತ್ತಜ್ಜ ಮುಗೀರಾ. ಅವರ ತಂದೆ ಬರ್ದಿಝ್ಬಹ್. ಬುಖಾರಾದ ಆಡುಮಾತಿನಲ್ಲಿ ಅದಕ್ಕೆ ರೈತ ಎಂದರ್ಥವಂತೆ. ಬರ್ದಿಝ್ಬಹ್ ಅಗ್ನಿಯನ್ನು ಪೂಜಿಸುವ ಧರ್ಮದಲ್ಲೇ ತೀರಿಕೊಂಡವರು, ಇಸ್ಲಾಂ ಸ್ವೀಕರಿಸಿದ್ದು ಮುಗೀರಾ. ಆದರೂ ಹದೀಸ್ ವಿದ್ವಾಂಸರು ಆ ಹೆಸರನ್ನು ವಂಶಾವಳಿಯಿಂದ ಅಳಿಸಲಿಲ್ಲ. ಇಂದಿಗೂ ಇಮಾಮ್ ಬುಖಾರಿಯವರ ಪೂರ್ಣ ಹೆಸರು ಓದುವಾಗ ಕೊನೆಗೆ ಆ ರೈತನ ಹೆಸರನ್ನೂ ಓದುತ್ತೇವೆ.

ಇನ್ನೊಂದು ಮಾತು. ಹೆಸರಿಗೆ ತುಂಬಾ ಘನವಾದ ಅರ್ಥ ಇರಲೇಬೇಕೆಂದು ನಮ್ಮ ಯುವ ತಂದೆತಾಯಿಗಳು ತಲೆ ಕೆಡಿಸಿಕೊಳ್ಳುತ್ತಾರೆ. ಸಹಾಬಿಗಳ ಹೆಸರುಗಳನ್ನು ನೋಡಿದರೆ ಆ ಚಿಂತೆ ಹೋಗುತ್ತದೆ. ತಲ್ಹಾ ಎಂದರೆ ಮರುಭೂಮಿಯ ಒಂದು ಮುಳ್ಳಿನ ಮರ. ಹನ್ಝಲಾ ಎಂದರೆ ಕಹಿಯಾದ ಒಂದು ಕಾಡುಕಾಯಿ. ಜಅಫರ್ ಎಂದರೆ ತೊರೆ. ಬಿಲಾಲ್ ಎಂಬ ಪದದಲ್ಲಿರುವುದು ಗಂಟಲು ತೇವ ಮಾಡುವ ನೀರು. ಕಹಿಕಾಯಿಯ ಹೆಸರಿನ ಹನ್ಝಲಾ(ರ) ಉಹುದಿನಲ್ಲಿ ಹುತಾತ್ಮರಾದರು. ಅವರ ಮಯ್ಯಿತ್ತಿಗೆ ಮಲಕುಗಳು ಸ್ನಾನ ಮಾಡಿಸಿದರೆಂಬ ಗೌರವ ಅವರದು. ನಮ್ಮ ಕನ್ನಡದಲ್ಲಿ ಒಂದು ಗಾದೆಯಿದೆ: ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ. ಹೆಸರು ಮನುಷ್ಯನನ್ನು ಮಾಡುವುದಿಲ್ಲ, ಮನುಷ್ಯ ಹೆಸರನ್ನು ಮಾಡುತ್ತಾನೆ.

ಒಂದೇ ಸಿಂಹ, ಹಲವು ಭಾಷೆ

ಅರ್ಥ ಒಂದೇ, ಭಾಷೆ ಬೇರೆ ಎಂಬುದಕ್ಕೆ ಸಿಂಹದ ಹೆಸರುಗಳಷ್ಟು ಒಳ್ಳೆಯ ಉದಾಹರಣೆ ಇಲ್ಲ. ಅಸದ್, ಹೈದರ್, ಹಂಝಾ, ಅಬ್ಬಾಸ್, ಉಸಾಮಾ, ಗಝನ್ಫರ್: ಇವೆಲ್ಲ ಅರಬಿಯಲ್ಲಿ ಸಿಂಹಕ್ಕೆ ಇರುವ ಹೆಸರುಗಳು. ಅಲಿ(ರ) ಅವರ ತಾಯಿ ಫಾತಿಮಾ, ಅಸದ್ ಎಂಬವರ ಮಗಳು. ತಮ್ಮ ತಂದೆಯ ನೆನಪಿಗೆ ಮಗನನ್ನು ಅವರು ಹೈದರ್ ಎಂದು ಕರೆದರು. ಇಲ್ಲೂ ಅಜ್ಜನ ಹೆಸರು ಮೊಮ್ಮಗನಿಗೆ ಬಂದಿದೆ. ಪದ ಬದಲಾಯಿತು, ಸಿಂಹ ಬದಲಾಗಲಿಲ್ಲ. ಫಾರ್ಸಿಗೆ ಬಂದರೆ ಅದೇ ಸಿಂಹ ಶೇರ್ ಆಯಿತು. ಶೇರ್ ಖಾನ್, ಶೇರ್ ಅಲಿ ಎಂಬ ಹೆಸರುಗಳು ಬಂದವು. ತುರ್ಕಿಯಲ್ಲಿ ಅರ್ಸ್‌ಲಾನ್, ಈಗ ನಮ್ಮ ಕಡೆ ಹೆಚ್ಚು ಕೇಳಿಬರುವ ಅಝ್ಲಾನ್ ಅದರ ಇನ್ನೊಂದು ರೂಪ. ನಮ್ಮ ನೆಲದಲ್ಲಿ ಸಿಂಹ ನರಸಿಂಹನಾಯಿತು, ಪಂಜಾಬಿನಲ್ಲಿ ಸಿಂಗ್ ಆಯಿತು. ನಮ್ಮದೇ ಜಿಲ್ಲೆಯ ಬೇಲೂರು, ಹಳೇಬೀಡುಗಳಿಗೆ ಹೋದರೆ ಹೊಯ್ಸಳರ ಲಾಂಛನದಲ್ಲಿ ಸಳನೊಡನೆ ಸೆಣಸುವ ಮೃಗವೂ ಅದೇ ಜಾತಿಯದು. ಧೈರ್ಯವಿರುವ ಮಗ ಬೇಕೆಂಬ ತಾಯಿಯ ಆಸೆಗೆ ಭಾಷೆಯ ಗಡಿಯಿಲ್ಲ.

ಫಾರ್ಸಿಯಿಂದ ಬಂದು ನಮ್ಮವಾದ ಹೆಸರುಗಳು ಇನ್ನೂ ಎಷ್ಟೋ ಇವೆ. ಫಿರೋಝ್ ಎಂದರೆ ವಿಜಯಿ. ಜಾವೇದ್ ಎಂದರೆ ಶಾಶ್ವತ. ಆಫ್ತಾಬ್ ಸೂರ್ಯ, ಮೆಹ್ತಾಬ್ ಬೆಳದಿಂಗಳು. ನವಾಝ್ ಎಂದರೆ ಪ್ರೀತಿಯಿಂದ ಪೋಷಿಸುವವನು. ಕಲಬುರಗಿಯಲ್ಲಿ 1422ರಲ್ಲಿ ನಿಧನರಾದ ಸಯ್ಯಿದ್ ಮುಹಮ್ಮದ್ ಹುಸೈನಿಯವರನ್ನು ಜನ ‘ಬಂದೇ ನವಾಝ್’, ದೀನರನ್ನು ಪೋಷಿಸುವವರು, ಎಂದರು; ಉದ್ದ ಕೂದಲಿನವರಾದ್ದರಿಂದ ‘ಗೇಸುದರಾಝ್’ ಎಂದೂ ಕರೆದರು. ಉತ್ತರ ಕರ್ನಾಟಕದಲ್ಲಿ ಇಂದಿಗೂ ಬಂದೇನವಾಜ್ ಎಂಬ ಹೆಸರಿನ ಹುಡುಗರಿದ್ದಾರೆ. ಮೈಸೂರಿಗೆ 1926ರಿಂದ 1941ರವರೆಗೆ ದಿವಾನರಾಗಿದ್ದ ಮಿರ್ಝಾ ಇಸ್ಮಾಯಿಲ್ ಅವರ ಹೆಸರಲ್ಲಿ ‘ಅಮೀರನ ಮಗ’ ಎಂಬ ಫಾರ್ಸಿ ಬಿರುದೂ, ‘ದೇವನು ಆಲಿಸುತ್ತಾನೆ’ ಎಂಬ ಹೀಬ್ರೂ ಹೆಸರೂ ಒಟ್ಟಿಗೆ ಇವೆ. ಅಂಥ ಹೆಸರಿನವರು ಕನ್ನಡ ನಾಡಿನ ಆಡಳಿತ ನಡೆಸಿದರು.

ಕರಾವಳಿ, ಬಯಲುಸೀಮೆ, ಮಲೆನಾಡು

ಸಕಲೇಶಪುರ, ಆಲೂರಿನ ಬೆಟ್ಟಗಳಲ್ಲಿ ನೆಲೆಸಿರುವ ಮುಸ್ಲಿಮರು ಒಂದೇ ದಾರಿಯಿಂದ ಬಂದವರಲ್ಲ. ಶಿರಾಡಿ ಘಾಟಿ ಹತ್ತಿ ಬಂದ ಬ್ಯಾರಿಗಳು, ಕಾಫಿ ತೋಟಗಳ ಕೆಲಸಕ್ಕೆ ಮಲಬಾರಿನಿಂದ ಬಂದವರು, ಹಾಸನ, ಮೈಸೂರಿನ ಕಡೆಯ ಉರ್ದು ಮಾತಿನವರು. ಈಚೆಗೆ ಅಸ್ಸಾಂ, ಬಂಗಾಳದಿಂದ ಬಂದ ಕಾರ್ಮಿಕರು. ಒಂದೇ ಸಫ್‌ನಲ್ಲಿ ನಿಂತವರ ಹೆಸರುಗಳನ್ನು ಕೇಳಿದರೆ ಅವರ ಊರು ತಿಳಿಯುತ್ತದೆ.

ಕರಾವಳಿಯ ಹೆಸರುಗಳನ್ನು ಮೊದಲು ನೋಡೋಣ. ಮೊಯ್ದೀನ್, ಮೊಯ್ದು, ಇದ್ದಿನಬ್ಬ ಇವೆಲ್ಲ ಒಂದೇ ಮರದ ಕೊಂಬೆಗಳು. ಬೇರು ‘ಮುಹ್ಯುದ್ದೀನ್’, ದೀನಿಗೆ ಜೀವ ತುಂಬಿದವರು. ಅದು 1166ರಲ್ಲಿ ಬಗ್ದಾದಿನಲ್ಲಿ ನಿಧನರಾದ ಶೈಖ್ ಅಬ್ದುಲ್ ಖಾದಿರ್ ಜೀಲಾನಿಯವರ ಬಿರುದು. ಕಲ್ಲಿಕೋಟೆಯ ಖಾಝಿ ಮುಹಮ್ಮದರು 1607ರಲ್ಲಿ ಅರಬಿ-ಮಲಯಾಳದಲ್ಲಿ ರಚಿಸಿದ ಮುಹ್ಯುದ್ದೀನ್ ಮಾಲೆ ಕರಾವಳಿಯ ಮನೆಮನೆಗಳಲ್ಲಿ ಹಾಡಾಗಿ ಹಬ್ಬಿದ ಮೇಲೆ ಆ ಹೆಸರಿಲ್ಲದ ಮನೆಯೇ ಇಲ್ಲವೆಂಬಂತಾಯಿತು. ಮೊಯ್ದು ಎಂದು ನಕ್ಕವರು ತಿಳಿಯಬೇಕಾದದ್ದು ಇದು: ಆ ಹೆಸರಿನೊಳಗೆ ಬಗ್ದಾದಿನಿಂದ ಕಲ್ಲಿಕೋಟೆಗೆ, ಕಲ್ಲಿಕೋಟೆಯಿಂದ ಘಾಟಿ ಹತ್ತಿ ನಮ್ಮ ಬೆಟ್ಟಕ್ಕೆ ಬಂದ ಎಂಟು ನೂರು ವರ್ಷಗಳ ಪ್ರೀತಿಯಿದೆ.

ಅಬ್ದುರ್ರಹ್ಮಾನ್ ಬ್ಯಾರಿಗಳ ಬಾಯಲ್ಲಿ ಅದ್ರಾಮನಾದ, ಯೂಸುಫ್ ಇಸುಬು ಆದ, ಮುಹಮ್ಮದ್ ಮಮ್ಮದೆಯಾದ. ಹಸೈನಾರ್ ಎಂಬಲ್ಲಿ ಕೊನೆಗಿರುವ ‘ಆರ್’ ನಮ್ಮ ದ್ರಾವಿಡ ಭಾಷೆಗಳ ಗೌರವದ ಬಹುವಚನ. ‘ಕುಂಞಿ’ ಎಂದರೆ ಮಗು; ‘ಮೋನು’ ಎಂದರೆ ಮಗ. ಪುತ್ತೂರಿನ ಬೊಳುವಾರಿನಿಂದ ಬಂದು 2016ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಾದಂಬರಿಕಾರ ಬೊಳುವಾರು ಮಹಮದ್ ಕುಂಞಿಯವರ ಹೆಸರಲ್ಲಿ ತುಳುನಾಡಿನ ಊರು, ಅರಬಿಯ ಪ್ರವಾದಿನಾಮ, ಮಲಯಾಳದ ಮುದ್ದುಮಾತು ಮೂರೂ ಕೂಡಿವೆ. ಕಿತ್ತಳೆ ಹಣ್ಣು ಮಾರಿ ಕೂಡಿಟ್ಟ ಹಣದಿಂದ ತಮ್ಮೂರಿಗೆ ಶಾಲೆ ತಂದು, 2020ರ ಪದ್ಮಶ್ರೀಗೆ ಆಯ್ಕೆಯಾದ ಹರೇಕಳ ಹಾಜಬ್ಬರ ಹೆಸರನ್ನು ನೋಡಿ. ‘ಹಾಜಿ’ಗೆ ‘ಅಬ್ಬ’ ಎಂಬ ಆದರದ ಕೊನೆ ಸೇರಿದೆ. ಅಕ್ಷರ ಕಲಿಯದ ಆ ಹಿರಿಯರು ರಾಷ್ಟ್ರಪತಿ ಭವನಕ್ಕೆ ನಡೆದುಹೋದಾಗ ಆ ಹೆಸರನ್ನು ‘ಹಳ್ಳಿಗಾಡಿನದು’ ಎಂದು ಯಾರು ನಕ್ಕರು?

ಬಯಲುಸೀಮೆಯ ಹೆಸರುಗಳ ಸೊಗಸೇ ಬೇರೆ. ಚಾಂದ್ ಎಂಬುದು ಸಂಸ್ಕೃತದ ಚಂದ್ರ ಪ್ರಾಕೃತವಾಗಿ ಸವೆದು ಬಂದ ಪದ. ಪಾಷ ತುರ್ಕಿಯ ಬಿರುದು. ಎರಡೂ ಕೂಡಿ ಚಾಂದ್ ಪಾಷ. ದಾದಾಪೀರ್ ಎಂಬುದರಲ್ಲಿ ‘ದಾದಾ’ ನಮ್ಮ ದೇಶದ ಅಜ್ಜ, ‘ಪೀರ್’ ಫಾರ್ಸಿಯ ಹಿರಿಯ. ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿಯಲ್ಲಿ ದಾದಾ ಹಯಾತ್ ಅವರ ನೆನಪಿದೆ. ಯೆಮನಿನಿಂದ ಏಳು ಕಾಫಿ ಬೀಜ ತಂದವರು ಬಾಬಾ ಬುಡನ್ ಎಂಬ ಪ್ರತೀತಿಯಿಂದಲೇ ನಮ್ಮ ಮಲೆನಾಡಿನ ಅನ್ನದ ಕಥೆ ಆರಂಭವಾಗುತ್ತದೆ. ದಾದಾಪೀರ್, ಬುಡನ್ ಸಾಬ್ ಎಂಬ ಹೆಸರುಗಳನ್ನು ಕೇಳಿದಾಗ ಆ ಬೆಟ್ಟ ನೆನಪಾಗದೆ ಇರದು.

ಇದೇ ಕೊಡುಕೊಳ್ಳುವಿಕೆ ಆ ಕಡೆಯಿಂದಲೂ ನಡೆದಿದೆ. ಧಾರವಾಡ, ಗದಗ, ಹಾವೇರಿಯ ಕಡೆ ಫಕೀರಪ್ಪ, ಫಕೀರಗೌಡ ಎಂಬ ಹಿಂದೂ ಹೆಸರುಗಳು ಸಾಮಾನ್ಯ. ಶಿರಹಟ್ಟಿಯಲ್ಲಿ ಫಕೀರೇಶ್ವರ ಮಠವೇ ಇದೆ. ‘ಫಕೀರ್’ ಎಂಬ ಅರಬಿ ಪದಕ್ಕೆ ‘ಅಪ್ಪ’ ಎಂಬ ಕನ್ನಡ ಪದವನ್ನು ಕೂಡಿಸಿ ಮಗನಿಗೆ ಇಟ್ಟ ತಾಯಿ ಅದು ಯಾವ ಭಾಷೆಯೆಂದು ಕೇಳಲಿಲ್ಲ. ಯಾರ ಪ್ರಾರ್ಥನೆಯಿಂದ ಮಡಿಲು ತುಂಬಿತೆಂದಷ್ಟೇ ನೋಡಿದಳು. ಸಂತ ಶಿಶುನಾಳ ಶರೀಫರ (1819-1889) ಹೆಸರಿನಲ್ಲಿ ಕನ್ನಡದ ಊರೂ, ‘ಕುಲೀನ’ ಎಂಬರ್ಥದ ಅರಬಿ ಪದವೂ ಸೇರಿವೆ. ನಾಡಿನಲ್ಲಿ ಯಾರಿಗೂ ಅದು ಪರಕೀಯವೆನಿಸಿಲ್ಲ.

ನಮ್ಮ ಕಣ್ಣೆದುರಿನ ಕೋಟೆಯನ್ನೂ ಮರೆಯಬಾರದು. ಟಿಪ್ಪು ಸುಲ್ತಾನ್ ಕಟ್ಟಿಸಿದ, 1792ರಲ್ಲಿ ಮುಗಿದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆ ಹೆದ್ದಾರಿಯಿಂದ ಸ್ವಲ್ಪವೇ ಮೇಲಿದೆ. ಬಲಂ ಎಂದು ಹೆಸರಾಗಿದ್ದ ಸೀಮೆಗೆ ಮಂಜರಾಬಾದ್ ಎಂಬ ಹೆಸರು ಬಂತು. ಮಂಜು ಮುಸುಕಿದ ಬೆಟ್ಟವನ್ನು ಕಂಡು ಸುಲ್ತಾನನೇ ಹಾಗೆ ಕರೆದನೆಂದು ಹಿರಿಯರು ಹೇಳುತ್ತ ಬಂದಿದ್ದಾರೆ: ಕನ್ನಡದ ‘ಮಂಜು’, ಫಾರ್ಸಿಯ ‘ಆಬಾದ್’. ಆ ಸುಲ್ತಾನನ ಹೆಸರೂ ಅಂಥದ್ದೇ. ಆರ್ಕಾಟಿನ ಟಿಪ್ಪು ಮಸ್ತಾನ್ ಔಲಿಯಾ ಅವರ ದರ್ಗಾದಲ್ಲಿ ಹರಕೆ ಹೊತ್ತು ಹುಟ್ಟಿದ ಮಗನಿಗೆ ಆ ಸಂತನ ಹೆಸರನ್ನೂ, ಅಜ್ಜ ಫತೇ ಮುಹಮ್ಮದರ ನೆನಪಿಗೆ ಫತೇ ಅಲಿ ಎಂಬ ಹೆಸರನ್ನೂ ಇಟ್ಟರು. ಫತೇ ಅಲಿ ಶುದ್ಧ ಅರಬಿ. ಆದರೆ ಲೋಕ ನೆನಪಿಟ್ಟದ್ದು ಟಿಪ್ಪು ಎಂಬುದನ್ನೇ.

ಹೊರಗಿನವರು ಇಂಗ್ಲಿಷಿನಲ್ಲಿ ನಮ್ಮ ಜಿಲ್ಲೆಯ ಹೆಸರನ್ನು ನೋಡಿ ಇದು ಹಸನ್ ಎಂಬವರ ಊರೇ ಎಂದು ಕೇಳುವುದುಂಟು. ಅಲ್ಲ, ಹಾಸನ ಎಂಬುದು ಹಾಸನಾಂಬೆಯಿಂದ ಬಂದ ಹೆಸರೆಂದೇ ಪ್ರಸಿದ್ಧ. ಇಂಗ್ಲಿಷ್ ಅಕ್ಷರಗಳು ಎರಡನ್ನೂ ಒಂದೇ ಮಾಡಿಬಿಟ್ಟವು. ಅದೇ ಹಾಸನದ ಲೇಖಕಿ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ‘ಬ��ನು’ ಎಂದರೆ ಫಾರ್ಸಿಯಲ್ಲಿ ಗೌರವಾನ್ವಿತ ಮಹಿಳೆ, ಕನ್ನಡದಲ್ಲಿ ಆಕಾಶ. ‘ಮುಷ್ತಾಕ್’ ಎಂಬ ಗಂಡುಹೆಸರಿಗೆ ಹಂಬಲಿಸುವವನು ಎಂದರ್ಥ. ಕೇಳಿದಂತೆಯೇ ಇದೆ ಎಂದು ಒಂದೇ ಎನ್ನಬೇಡಿ, ಬೇರೆ ಭಾಷೆಯದೆಂದು ದೂರ ತಳ್ಳಲೂ ಬೇಡಿ ಎಂಬ ಎರಡು ಪಾಠಗಳೂ ನಮ್ಮ ಜಿಲ್ಲೆಯಲ್ಲೇ ಸಿಗುತ್ತವೆ.

ಲೋಕದ ಮುಸ್ಲಿಮರ ಹೆಸರುಗಳು

ಮಮ್ಮದೆ ಎಂಬುದನ್ನು ಕೇಳಿ ನಾಚುವವರು ಸ್ವಲ್ಪ ಹೊರಗೆ ನೋಡಲಿ. ಸೆನೆಗಲ್, ಮಾಲಿ ದೇಶಗಳಲ್ಲಿ ಮುಹಮ್ಮದ್ ಎಂಬ ಹೆಸರು ಮಮದೂ ಆಗಿದೆ. ತುರ್ಕಿಯಲ್ಲಿ ಮೆಹ್ಮೆತ್ ಆಗಿದೆ. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ಗೆದ್ದ ಸುಲ್ತಾನನನ್ನು ಅವನ ಜನ ಇಂದಿಗೂ ಮೆಹ್ಮೆತ್ ಎಂದೇ ಹೇಳುತ್ತಾರೆ. ಚೀನಾದ ಹುಯಿ ಮುಸ್ಲಿಮರಲ್ಲಿ ‘ಮಾ’ ಎಂಬ ಮನೆತನದ ಹೆಸರು ಬಹಳ ಸಾಮಾನ್ಯ. ಹದಿನೈದನೇ ಶತಮಾನದಲ್ಲಿ ನಮ್ಮ ಕಲ್ಲಿಕೋಟೆಗೂ ಬಂದಿದ್ದ ಚೀನಾದ ನೌಕಾಧಿಪತಿ ಝೆಂಗ್ ಹೆ ಹುಟ್ಟುವಾಗ ‘ಮಾ ಹೆ’ ಆಗಿದ್ದವನು, ಮುಸ್ಲಿಂ ಮನೆಯ ಮಗ. ಇಂಡೋನೇಷ್ಯಾದ ಮೊದಲ ಅಧ್ಯಕ್ಷ ಸುಕರ್ಣೋ ಚಿಕ್ಕಂದಿನಲ್ಲಿ ಪದೇ ಪದೇ ಕಾಯಿಲೆ ಬೀಳುತ್ತಿದ್ದಾಗ ತಂದೆ ಹಳೆಯ ಹೆಸರು ತೆಗೆದು ಮಹಾಭಾರತದ ಕರ್ಣನ ಹೆಸರಿಟ್ಟರು. ಲೋಕದಲ್ಲಿ ಅತಿ ಹೆಚ್ಚು ಮುಸ್ಲಿಮರಿರುವ ದೇಶಗಳಲ್ಲಿ ಒಂದನ್ನು ಆ ಹೆಸರಿನವರು ಕಟ್ಟಿದರು.

ಹಾಗಾದರೆ ಯಾವ ಹೆಸರೂ ನಡೆಯುತ್ತದೆಯೇ ಎಂದು ಕೇಳಬಹುದು. ಇಲ್ಲ. ಅಲ್ಲಾಹನಲ್ಲದವರಿಗೆ ದಾಸನೆಂದು ಹೇಳುವ ಹೆಸರು, ಅಲ್ಲಾಹನಿಗೆ ಮಾತ್ರ ಸಲ್ಲುವ ಗುಣವನ್ನು ಮನುಷ್ಯನಿಗೆ ಹೊರಿಸುವ ಹೆಸರು, ಬೇರೆ ಧರ್ಮದ ಆರಾಧನೆಗೆ ಮೀಸಲಾದ ಹೆಸರು, ಕೆಟ್ಟ ಅರ್ಥದ ಹೆಸರು: ಇವನ್ನು ಉಲಮಾಗಳು ಬೇಡವೆಂದಿದ್ದಾರೆ. ಅಲ್ಲಾಹನಿಗೆ ಅತ್ಯಂತ ಪ್ರಿಯವಾದ ಹೆಸರುಗಳು ಅಬ್ದುಲ್ಲಾಹ್ ಮತ್ತು ಅಬ್ದುರ್ರಹ್ಮಾನ್ ಎಂದು ಹದೀಸಿನಲ್ಲಿ ಬಂದಿದೆ. ಅವುಗಳ ಶ್ರೇಷ್ಠತೆಗೆ ಎರಡು ಮಾತಿಲ್ಲ. ಆದರೆ ಶ್ರೇಷ್ಠವಾದದ್ದು ಇದೆಯೆಂದು ಉಳಿದದ್ದೆಲ್ಲ ನಿಷಿದ್ಧವಾಗುವುದಿಲ್ಲ.

ಅರ್ಥ ಕೆಡುವುದು ಎಲ್ಲಿ?

ನಿಜವಾಗಿ ಹೆಸರು ಕೆಡುತ್ತಿರುವುದು ಹಳೆಯ ಹೆಸರುಗಳಿಂದಲ್ಲ, ಅರ್ಥ ಕೇಳದೆ ಫೋನಿನ ಪಟ್ಟಿಯಿಂದ ಆರಿಸುವುದರಿಂದ. ಅಲ್ಲಿ ಪ್ರತಿ ಹೆಸರಿಗೂ ‘ದೇವರ ಉಡುಗೊರೆ’, ‘ಸ್ವರ್ಗದ ಬೆಳಕು’ ಎಂದು ಬರೆದಿರುತ್ತಾರೆ. ಅಯಾನ್ ಎಂಬುದಕ್ಕೆ ದೇವರ ಉಡುಗೊರೆ ಎಂದರ್ಥವಲ್ಲ. ಕಣ್ಣಿಗೆ ಸ್ಪಷ್ಟವಾಗಿ ಕಾಣುವುದು ಎಂದರ್ಥ. ಹೆಸರು ಚೆನ್ನಾಗಿಯೇ ಇದೆ, ಅರ್ಥ ಮಾತ್ರ ಸುಳ್ಳು. ರೈಹಾನ್ ಎಂದರೆ ಸುಗಂಧದ ಗಿಡ, ನಮ್ಮ ಕಾಮಕಸ್ತೂರಿಯಂಥದ್ದು; ಅದು ಕುರ್‌ಆನಿನಲ್ಲೂ ಬಂದಿದೆ. ರಯ್ಯಾನ್ ಎಂಬುದು ಬೇರೆ. ಅದು ಉಪವಾಸಿಗರು ಸ್ವರ್ಗಕ್ಕೆ ಪ್ರವೇಶಿಸುವ ಬಾಗಿಲು. ಎರಡನ್ನೂ ರೆಹಾನ್ ಎಂದು ಬರೆದರೆ ಗಿಡವೋ ಬಾಗಿಲೋ ತಿಳಿಯುವುದಿಲ್ಲ.

ಅಕ್ಷರವನ್ನೂ ಗಮನಿಸಬೇಕು. ಬಶೀರ್ ಎಂದರೆ ಸುವಾರ್ತೆ ತರುವವನು, ಬಸೀರ್ ಎಂದರೆ ಕಾಣುವವನು. ನಸೀರ್ ಸಹಾಯಕ, ನಝೀರ್ ಎಚ್ಚರಿಸುವವನು. ಅಸದ್ ಸಿಂಹ, ಅಸ್‌ಅದ್ ಅತಿ ಭಾಗ್ಯವಂತ. ಇನ್ನು ‘ಅಬ್ದುಲ್’ ಎಂಬುದೊಂದೇ ಹೆಸರಲ್ಲ. ಅದಕ್ಕೆ ‘ಇಂಥವನ ದಾಸ’ ಎಂಬುದರ ಮೊದಲರ್ಧ ಮಾತ್ರ ಅರ್ಥ. ಯಾರ ದಾಸ ಎಂದು ಮುಗಿಸದಿದ್ದರೆ ಮಾತು ಅರ್ಧಕ್ಕೆ ನಿಲ್ಲುತ್ತದೆ. ಅಸ್ಸಾಮಿನ ನಮ್ಮ ಸಹೋದರರು ಸೈಫುಲ್, ರಫೀಕುಲ್ ಎನ್ನುವಾಗಲೂ ಇದೇ ಆಗುತ್ತದೆ. ಸೈಫುಲ್ ಇಸ್ಲಾಂ ಎಂದರೆ ಇಸ್ಲಾಮಿನ ಖಡ್ಗ, ಸೈಫುಲ್ ಎಂದರೆ ಬರೀ ‘ಅದರ ಖಡ್ಗ’. ಹಾಗೆಯೇ ಅಬ್ದುಲ್ ಖಾದಿರನನ್ನು ಖಾದರ್ ಎಂದು ಮಾತ್ರ ಕರೆಯುವ ಬದಲು ಪೂರ್ತಿ ಕರೆಯುವ ರೂಢಿ ಮನೆಯಿಂದಲೇ ಬೆಳೆಯಲಿ.

ಕಾಗದಪತ್ರದ ವಿಷಯ ಇನ್ನೂ ಮುಖ್ಯ. ಒಬ್ಬನೇ ಮನುಷ್ಯ ಮದ್ರಸದ ದಾಖಲೆಯಲ್ಲಿ ಅಬ್ದುರ್ರಹ್ಮಾನ್, ಶಾಲೆಯಲ್ಲಿ ಅಬ್ದುಲ್ ರೆಹಮಾನ್, ಆಧಾರಿನಲ್ಲಿ ಅಬ್ದುಲ್ ಆರ್., ಪಹಣಿಯಲ್ಲಿ ಅದ್ರಾಮ ಎಂದಿದ್ದರೆ ಮುಂದೆ ಪಿಂಚಣಿಗೂ, ಆಸ್ತಿ ಭಾಗಕ್ಕೂ, ಹಜ್ಜಿನ ಪಾಸ್‌ಪೋರ್ಟಿಗೂ ನಾಲ್ಕು ಮನುಷ್ಯರಾಗಿ ನಿಲ್ಲಬೇಕಾಗುತ್ತದೆ. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಹುಟ್ಟನ್ನು 21 ದಿನಗಳೊಳಗೆ ತಿಳಿಸಬೇಕು. ಆಗ ಹೆಸರು ನಿಶ್ಚಯವಾಗಿರದಿದ್ದರೆ 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಆಮೇಲೆ ಶುಲ್ಕ ಕಟ್ಟಬೇಕು. 2023ರ ಅಕ್ಟೋಬರ್ 1ರಿಂದ ಜಾರಿಯಾದ ತಿದ್ದುಪಡಿಯಂತೆ, ಆ ದಿನದಿಂದ ಹುಟ್ಟಿದ ಮಕ್ಕಳ ಶಾಲಾ ಪ್ರವೇಶ, ಮತದಾರರ ಪಟ್ಟಿ, ಚಾಲನಾ ಪರವಾನಗಿ, ಸರ್ಕಾರಿ ನೌಕರಿ ಮುಂತಾದವುಗಳಿಗೆ ಜನ್ಮ ದಿನಾಂಕ ಮತ್ತು ಸ್ಥಳದ ದಾಖಲೆ ಜನನ ಪ್ರಮಾಣಪತ್ರವೇ. ಹುಟ್ಟಿದ ಏಳನೇ ದಿನ ಅಖೀಖಾ ಮಾಡಿ ಹೆಸರಿಡುವ ಸುನ್ನತ್ ಪಾಲಿಸಿದರೆ ಸರ್ಕಾರದ ಗಡುವಿಗೆ ಇನ್ನೂ ಎರಡು ವಾರ ಉಳಿದಿರುತ್ತದೆ. ಅಂದೇ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹೆಸರನ್ನು ಒಂದು ಕಾಗದದಲ್ಲಿ ಸ್ಪಷ್ಟವಾಗಿ ಬರೆದಿಟ್ಟು, ಎಲ್ಲ ಕಡೆಯೂ ಅದನ್ನೇ ಕೊಡಿ. ಮುಹಮ್ಮದ್ ಎಂಬುದನ್ನು ಹೇಗೆ ಬರೆದರೂ ಅಲ್ಲಾಹನಿಗೆ ತಿಳಿಯುತ್ತದೆ, ಕಚೇರಿಗೆ ತಿಳಿಯುವುದಿಲ್ಲ.

ಅಜ್ಜಿಯ ಪ್ರಶ್ನೆಗೆ ನಮ್ಮ ಉತ್ತರ

ಚಾಂದ್ ಪಾಷ ಎಂಬ ಹೆಸರನ್ನು ಮೊಮ್ಮಗನಿಗೆ ಇಡಬಹುದೇ? ಚಂದ್ರನಂಥ ಹುಡುಗ, ಗೌರವವುಳ್ಳವನು ಎಂದಷ್ಟೇ ಅದರ ಅರ್ಥ. ಅದರಲ್ಲಿ ಶಿರ್ಕಿನ ಮಾತಿಲ್ಲ, ಕೆಟ್ಟ ಅರ್ಥವಿಲ್ಲ. ಇಡಬಹುದು. ಮಗನ ಮನಸ್ಸಿಗೆ ಅಷ್ಟರಿಂದ ಸಮಾಧಾನವಾಗದಿದ್ದರೆ ಮುಹಮ್ಮದ್ ಚಾಂದ್ ಪಾಷ ಎಂದಿಡಲಿ. ಅರಬಿಯಲ್ಲೇ ಬೇಕೆಂದರೆ ಹುಣ್ಣಿಮೆಯ ಚಂದ್ರನಿಗೆ ‘ಬದ್ರ್’ ಎನ್ನುತ್ತಾರೆ. ಫಾತಿಮಾ ಬಿಂತ್ ಅಸದ್ ಅವರು ಅಸದನನ್ನು ಹೈದರನಾಗಿ ಉಳಿಸಿಕೊಂಡಂತೆ ಅಜ್ಜನನ್ನು ಬದ್ರ್ ಎಂದೂ ಉಳಿಸಿಕೊಳ್ಳಬಹುದು. ಮೂರು ದಾರಿಗಳೂ ತೆರೆದಿವೆ. ಮುಚ್ಚಿರುವ ದಾರಿ ಒಂದೇ: ಅಜ್ಜನ ಹೆಸರನ್ನು ಹೀನವೆಂದು ಹೇಳಿ ಅಜ್ಜಿಯ ಮನಸ್ಸನ್ನು ನೋಯಿಸುವುದು. ಹೆಸರನ್ನು ಆರಿಸುವುದು ತಂದೆತಾಯಿಯ ಹಕ್ಕು; ಹಿರಿಯರನ್ನು ಕೇಳಿ ಆರಿಸುವುದು ಅದಬ್.

ಮಗುವಿನ ಬಲಕಿವಿಯಲ್ಲಿ ಬಾಂಗು ಹೇಳಿ ಹೆಸರು ಕರೆಯುವ ಮೊದಲು ತಂದೆಯಾದವರು ಮೂರು ಮಾತು ಕೇಳಿಕೊಳ್ಳಲಿ. ಇದರ ಅರ್ಥ ನನಗೆ ಗೊತ್ತಿದೆಯೇ? ಮಗ ದೊಡ್ಡವನಾಗಿ ಕೇಳಿದಾಗ ಇದರ ಕಥೆ ಹೇಳಬಲ್ಲೆನೇ? ಈ ಹೆಸರಿಗೆ ತಕ್ಕ ಮಗನನ್ನು ಬೆಳೆಸಲು ನಾನು ಸಿದ್ಧನೇ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ಅದು ಅರಬಿಯದಾದರೂ ಸರಿ, ಫಾರ್ಸಿಯದಾದರೂ ಸರಿ, ನಮ್ಮ ಕರಾವಳಿಯ ಅಬ್ಬ, ಕುಂಞಿ ಸೇರಿದ್ದಾದರೂ ಸರಿ.

ಅಂತ್ಯದಿನದಲ್ಲಿ ನಮ್ಮನ್ನು ನಮ್ಮ ಮತ್ತು ನಮ್ಮ ತಂದೆಯರ ಹೆಸರುಗಳಿಂದ ಕರೆಯಲಾಗುವುದೆಂದು ಪ್ರವಾದಿ(ಸ) ಕಲಿಸಿದ್ದಾರೆ. ಆ ದಿನ ನಮ್ಮ ಹೆಸರುಗಳು ನಮ್ಮ ಮಕ್ಕಳನ್ನು ತಲೆತಗ್ಗಿಸುವಂತೆ ಮಾಡದಿರಲಿ, ನಮ್ಮ ಮಕ್ಕಳ ನಡತೆ ನಮ್ಮ ಹೆಸರನ್ನು ಬೆಳಗಲಿ. ಹೋದವರ ಹೆಸರನ್ನು ಒಳ್ಳೆಯ ಕೆಲಸದಿಂದ ಉಳಿಸುವ ಸಂತಾನವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.